ಸಿ ಅಕ್ಷರದ ಬಾಯಿ

ಏಣಿ ಹತ್ತುವ ಮೊದಲು ಒಂದಕ್ಕೆ ಹೋಗಿಬನ್ನಿ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳುವ ಮೊದಲ ಮಾತು ಇದು. ಮಿಕ್ಕದ್ದನ್ನೆಲ್ಲ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಇಪ್ಪತ್ತು ಅಡಿ ಮೇಲೆ, ತುಕ್ಕು ಹಿಡಿದ ಬೋರ್ಡಿಗೆ ಮುಖ ಕೊಟ್ಟು ನಿಂತಿರುವಾಗ ನಿಮಗೆ ಅದು ಬಂದರೆ ಅಮೆರಿಕದ ಚರಿತ್ರೆ ಯಾವುದೂ ತಲೆಗೆ ಹತ್ತುವುದಿಲ್ಲ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಈಗಿನ ದೊಡ್ಡ ಹೈವೇಗಳು ಬರುವ ಮೊದಲು ಇಲ್ಲಿಯ ಹಳೆಯ ರಸ್ತೆಗಳ ಬದಿಯಲ್ಲಿ ಮೋಟೆಲು, ಕಾಫಿ ಅಂಗಡಿ, ಹ್ಯಾಂಬರ್ಗರ್ ಅಂಗಡಿ, ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು ಎಲ್ಲ ಇದ್ದವು. ಓಡುವ ಕಾರನ್ನು ನಿಲ್ಲಿಸಬೇಕಲ್ಲ, ಅದಕ್ಕೆ ಮನೆಯಷ್ಟು ದೊಡ್ಡ ಬೋರ್ಡುಗಳು, ಬಲ್ಬಿನ ಬಾಣಗಳು, ಚಾವಣಿಯ ಮೇಲೆ ಆನೆ ಗಾತ್ರದ ಕೋಳಿಗಳು. ಈಗ ಒಂದೊಂದಾಗಿ ಬೀಳುತ್ತಿವೆ. ಬೀಳುವ ಮೊದಲು ಅಳತೆ ತೆಗೆದು ಹಾಳೆಗೆ ಇಳಿಸುವುದು, ಸಾಧ್ಯವಾದರೆ ರಿಪೇರಿ ಮಾಡಿ ಮತ್ತೆ ನಿಲ್ಲಿಸುವುದು. ಇಷ್ಟೇ. ಶಿಕಾಗೋ ಕಡೆಯಿಂದ ಡೆಟ್ರಾಯಿಟ್ ಕಡೆಯವರೆಗೆ ನಾನು ಇದನ್ನು ಇಪ್ಪತ್ತೆರಡು ವರ್ಷ ಮಾಡಿದೆ.

ನನ್ನ ಹೆಸರು ಗಂಗಮ್ಮ. ಊರು ಹಿರಿಯೂರು. ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಬರೆಯುತ್ತೇನೆ, ಒತ್ತಕ್ಷರ ಆಗಾಗ ಕೈಕೊಡುತ್ತವೆ. ಇಂಗ್ಲಿಷ್ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಇಂಗ್ಲಿಷ್ ಅಕ್ಷರ ಬಾರದವಳು ಇಂಗ್ಲಿಷ್ ಬೋರ್ಡು ಕಾಪಾಡಿದಳು ಎಂದರೆ ನಗುತ್ತೀರಿ. ನಗಿ. ಡಾಟ್ ಎಂಬ ಮುದುಕಿಯ ಕಾಫಿ ಅಂಗಡಿಯ ಬೋರ್ಡಿನ ವಿಷಯಕ್ಕೆ ಬಂದಾಗ ಇನ್ನೂ ನಗುತ್ತೀರಿ. ಅವಳಪ್ಪ ಮಾಡಿಸಿದ್ದ ಬೋರ್ಡು ಅದು. ನನ್ನ ಕೈಯಿಂದಲೇ ಅದು ಇಲ್ಲವಾಗಿಬಿಡುತ್ತಿತ್ತು. ಅದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದೇನೆ. ಆದರೆ ಮೊದಲಿನಿಂದ ಹೇಳದಿದ್ದರೆ ತಿಳಿಯುವುದಿಲ್ಲ.

ನಮ್ಮ ಯಜಮಾನರು ಶಿಕಾಗೋ ವಿಮಾನ ನಿಲ್ದಾಣದ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನ ಒಂದು ಫ್ಯಾಕ್ಟರಿಯಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಪಕ್ಕದ ಶೆಡ್ಡು ಸ್ಟ್ಯಾನ್ಲಿ ಎಂಬವನದು. ಹಳೆಯ ಬೋರ್ಡುಗಳ ರಿಪೇರಿ ಅವನ ಕಸುಬು. ಕಸ ಗುಡಿಸಲು ಹೆಂಗಸು ಬೇಕು ಎಂದ, ಸೇರಿಕೊಂಡೆ. ತಲೆಯ ಮೇಲೆ ಐದು ನಿಮಿಷಕ್ಕೊಂದು ವಿಮಾನ, ಕೆಳಗೆ ಸ್ಟ್ಯಾನ್ಲಿಯ ಬೈಗುಳ. ಎರಡರ ಸದ್ದೂ ಒಂದೇ ಸಮ. ಎರಡಕ್ಕೂ ಕಿವಿ ಒಗ್ಗಿಹೋಯಿತು.

ಸೇರಿದ ಎರಡನೇ ತಿಂಗಳು ನೆಲದ ಮೇಲೆ ಒಂದು ಬಾಣ ಮಲಗಿತ್ತು. ಯಾವುದೋ ಮೋಟೆಲಿನದು, ಹನ್ನೆರಡು ಅಡಿ ಉದ್ದ, ಮೈತುಂಬ ಬಲ್ಬಿನ ತೂತು. ಕಾಲೇಜಿನವರು ಬರೆದುಕೊಟ್ಟಿದ್ದ ನಕ್ಷೆಗೂ ಈ ತೂತುಗಳಿಗೂ ತಾಳೆಯಾಗುತ್ತಿರಲಿಲ್ಲ. ಸ್ಟ್ಯಾನ್ಲಿ ಬೆಳಗಿನಿಂದ ಎಣಿಸುತ್ತಿದ್ದ, ಬೈಯುತ್ತಿದ್ದ, ಮತ್ತೆ ಎಣಿಸುತ್ತಿದ್ದ. ನನಗೆ ಆ ಜಾಗ ಗುಡಿಸಬೇಕಿತ್ತು. ಪೊರಕೆ ಇಟ್ಟು, ಅವನ ಸೀಮೆಸುಣ್ಣದ ಪುಡಿ ಒಂದು ಹಿಡಿ ತೆಗೆದುಕೊಂಡು, ಪಕ್ಕದ ನೆಲದ ಮೇಲೆ ಹಾಗೆಯೇ ಚುಕ್ಕಿ ಇಟ್ಟುಬಿಟ್ಟೆ. ಅದು ಹದಿನೈದು ಚುಕ್ಕಿಯ ರಂಗೋಲಿ. ಒಂದು ಸಾಲಿನ ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಒಂದು ಚುಕ್ಕಿ, ಹಾಗೆ ಇಳಿಯುತ್ತಾ ಒಂದಕ್ಕೆ ನಿಲ್ಲುತ್ತದೆ. ಕಾಲೇಜಿನವರು ಚುಕ್ಕಿಯ ಕೆಳಗೆ ನೇರವಾಗಿ ಚುಕ್ಕಿ ಇಟ್ಟಿದ್ದರು. ಅಲ್ಲೇ ತಪ್ಪಿದ್ದು.

ಸ್ಟ್ಯಾನ್ಲಿ ಎಣಿಸಿದ. ಎರಡು ಸಲ ಎಣಿಸಿದ.

"ಇದನ್ನ ಎಲ್ಲಿ ಕಲಿತೆ?" ಅಂದ. ಅವನ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೈಗುಳ ಬಿಟ್ಟು.

"ಮನೆ ಬಾಗಿಲಲ್ಲಿ."

"ಅಲ್ಲೂ ಮೋಟೆಲ್ ಇತ್ತಾ?"

"ಇಲ್ಲ, ಅತ್ತೆ ಇದ್ರು."

ಮಾರನೆಯ ದಿನದಿಂದ ಗುಡಿಸುವುದಕ್ಕೆ ಬೇರೆಯವರು ಬಂದರು.

ಅವನು ಕಲಿಸಿದ ವಿದ್ಯೆ ಇದು, ಚೆನ್ನಾಗಿ ಕೇಳಿಸಿಕೊಳ್ಳಿ. ಬೋರ್ಡಿನ ಬಲ್ಬು ಬಿಚ್ಚಿಸಬೇಕು. ಮಾಂಸದಂಗಡಿಯವರು ಸುತ್ತಿಕೊಡುವ ಕಂದು ಕಾಗದ ಇದೆಯಲ್ಲ, ಅದರ ಸುರುಳಿ ಬಿಚ್ಚಿ ಅಕ್ಷರದ ಮುಖಕ್ಕೆ ಹಚ್ಚಬೇಕು. ಬೆರಳಿನಿಂದ ಸವರಿ ತೂತು ಎಲ್ಲಿದೆ ನೋಡಿ, ಅಲ್ಲಿ ದಬ್ಬಣದಿಂದ ಚುಚ್ಚಬೇಕು. ಒಂದು ಅಕ್ಷರಕ್ಕೆ ಒಂದು ಹಾಳೆ. ಆ ಹಾಳೆಯನ್ನು ಹೊಸ ತಗಡಿನ ಮೇಲಿಟ್ಟು ಸೀಮೆಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿದ ಪುಡಿಗಂಟನ್ನು ತಟ್ಟಿದರೆ ಪುಡಿ ತೂತಿನಿಂದ ಇಳಿದು ಅಚ್ಚು ಬೀಳುತ್ತದೆ. ನಮ್ಮ ಸಂತೆಯಲ್ಲಿ ಮಾರುವ ರಂಗೋಲಿ ಜಾಲರಿಯೂ ಅದೇ. ನನಗೆ ಹೊಸದೇನೂ ಇರಲಿಲ್ಲ. ದಬ್ಬಣ ಮಾತ್ರ ಹಿರಿಯೂರಿಂದ ತಂದಿದ್ದೇ ಚೆನ್ನಾಗಿತ್ತು, ಗೋಣಿಚೀಲ ಹೊಲಿಯುವುದು. ಅದನ್ನೇ ಕೊನೆಯವರೆಗೆ ಬಳಸಿದೆ.

ಒಂದು ಸಲ ನಾನೇ ಕೇಳಿದೆ, ಅಕ್ಷರ ಕಲಿಯಲೇ ಎಂದು. ಸ್ಟ್ಯಾನ್ಲಿ ಕೈ ಆಡಿಸಿದ.

"ಬೇಡ. ಓದೋಕೆ ಬರೋರು ಪದ ನೋಡ್ತಾರೆ, ಬಲ್ಬ್ ನೋಡಲ್ಲ. ನೀನು ಬಲ್ಬ್ ನೋಡು."

ಸೋಮಾರಿತನಕ್ಕೆ ಇಷ್ಟು ಒಳ್ಳೆಯ ಕಾರಣ ಸಿಕ್ಕಿದ ಮೇಲೆ ಯಾರು ಕಲಿಯುತ್ತಾರೆ? ಬಿಟ್ಟೆ.

ಅವನ ಮಾತು ನಿಜ ಎಂದು ಬೇಗನೆ ಗೊತ್ತಾಯಿತು. ಒಂದು ಹೋಟೆಲಿನ ಬೋರ್ಡು ಬರೆದ ಪೇಂಟರು ಆತುರದಲ್ಲಿ ಎರಡು ಅಕ್ಷರ ಹಿಂದುಮುಂದು ಮಾಡಿದ್ದ. ಆ ಊರಿನವರು ಆ ತಪ್ಪನ್ನೇ ಹೋಟೆಲಿನ ಹೆಸರು ಮಾಡಿಕೊಂಡು ಮೂರು ತಲೆಮಾರಿನಿಂದ ಹಾಗೇ ಕರೆಯುತ್ತಿದ್ದರು. ನಮ್ಮ ಜೊತೆ ಬಂದಿದ್ದ ಪ್ರೊಫೆಸರು, ದೊಡ್ಡ ಮನುಷ್ಯ, ತನ್ನ ನಕ್ಷೆಯಲ್ಲಿ ಅದನ್ನು ತಿದ್ದಿ ಸರಿಯಾಗಿ ಬರೆದಿದ್ದ. ತಿದ್ದಿದ್ದೇನೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಕಣ್ಣು ಓದಿತ್ತು, ಕೈ ತಿದ್ದಿತ್ತು. ನನ್ನ ಹಾಳೆಯಲ್ಲಿ ಮಾತ್ರ ತಪ್ಪು ಇದ್ದ ಹಾಗೇ ಇತ್ತು. ನಾನು ಸುಮ್ಮನಿರಲಿಲ್ಲ.

"ಇಲ್ದೇ ಇರೋದನ್ನ ಇದೆ ಅಂತ ಬರೆಯೋನು ಕಳ್ಳ" ಅಂದೆ, ಅವನ ಮುಖಕ್ಕೇ.

ಈ ಮಾತು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ಆ ಪ್ರೊಫೆಸರಿನ ಕೈಕೆಳಗೆ ಕ್ಯಾಮೆರಾ ಹಿಡಿದಿದ್ದವಳು ವೀಣಾ. ಧಾರವಾಡದವಳು, ಡೆಟ್ರಾಯಿಟ್ ಹತ್ತಿರದ ಆನ್ ಆರ್ಬರಿನಲ್ಲಿ ಓದಿ ಅಲ್ಲೇ ಹಳೆಯ ಕಟ್ಟಡಗಳ ದಾಖಲೆಯ ಕೆಲಸಕ್ಕೆ ಸೇರಿದ್ದಳು. ನಾನು ಅವನನ್ನು ಕಳ್ಳ ಎಂದಾಗ ಅವಳು ನಗು ತಡೆಯಲಾಗದೆ ವ್ಯಾನಿನ ಹಿಂದಕ್ಕೆ ಓಡಿದಳು. ಅಲ್ಲಿಗೆ ಹೋಗಿ ಕನ್ನಡದಲ್ಲಿ "ಯಪ್ಪಾ ದೇವರೆ" ಅಂದಳು. ಹೀಗೆ ಪರಿಚಯ.

ಅವಳ ಓದಿಗೂ ಒಮ್ಮೆ ಪೆಟ್ಟು ಬಿತ್ತು. ಶಿಕಾಗೋದ ದಕ್ಷಿಣಕ್ಕೆ ಒಂದು ಮುಚ್ಚಿಹೋದ ಐಸ್ ಕ್ರೀಮ್ ಅಂಗಡಿ, ಚಾವಣಿಯ ಮೇಲೆ ಫೈಬರಿನ ದೊಡ್ಡ ಪ್ರಾಣಿ. ನಾನು ಮೇಲೆ ಹತ್ತಿ ಅಳೆಯುತ್ತಿದ್ದೆ, ಅವಳು ಕೆಳಗೆ ಫಾರಂ ತುಂಬುತ್ತಿದ್ದಳು.

"ಗೂಳಿ ಅಂತ ಬರ್ಕೊಂಡೀನ್ರಿ ಆಂಟಿ. ಬಾಲದ ಉದ್ದ ಹೇಳ್ರಿ."

"ಗೂಳಿ ಅಂತ ಯಾರ್ ಹೇಳಿದ್ರು?"

"ಕೊಂಬು ಅದಾವಲ್ರಿ. ಹಳೇ ಫೈಲ್‌ನ್ಯಾಗೂ ಗೂಳಿ ಅಂತನ ಐತಿ."

ನಾನು ಹೊಟ್ಟೆಯ ಕೆಳಗೆ ಕೈ ಹಾಕಿ ಸವರಿದೆ. "ನಾಲ್ಕು ಮೊಲೆ ಇದೆ ಕಣೇ. ನಿಮ್ಮ ಧಾರವಾಡದಲ್ಲಿ ಹಸುಗೆ ಕೊಂಬಿರಲ್ವಾ?"

ಕೆಳಗೆ ಫಾರಂ ಮೇಲೆ ಗೀಟು ಎಳೆದು ಹೊಡೆದುಹಾಕಿದಳು. ಆಮೇಲೆ, "ಅಯ್ಯ, ಇರ್ತಾವಲ್ರಿ! ಇವರ ಜೋಡಿ ಇದ್ದು ಇದ್ದು ನಂಗೂ ಮರ್ತಹೋಗೇತಿ ನೋಡ್ರಿ."

ಇಲ್ಲಿ ಕರುವಿಗೇ ಕೊಂಬು ಸುಟ್ಟುಬಿಡುತ್ತಾರೆ. ಕೊಂಬಿರುವ ಹಸುವನ್ನು ನೋಡಿಯೇ ಇಲ್ಲದವರು ಅದನ್ನು ಗೂಳಿ ಮಾಡಿ ಫೈಲಿನಲ್ಲಿ ಇಟ್ಟಿದ್ದರು. ಐಸ್ ಕ್ರೀಮ್ ಅಂಗಡಿಯ ಮೇಲೆ ಗೂಳಿ ಯಾಕಿರುತ್ತದೆ ಎಂದು ಯಾರಿಗೂ ಅನುಮಾನ ಬಂದಿರಲಿಲ್ಲ. ಗೂಳಿಯ ಹಾಲಿನ ಐಸ್ ಕ್ರೀಮ್ ತಿನ್ನಲಿ.

ಇನ್ನು ಡಾಟ್.

ಡೆಟ್ರಾಯಿಟಿನ ವಾಯವ್ಯಕ್ಕೆ ಫಾರ್ಮಿಂಗ್ಟನ್ ಹಿಲ್ಸ್ ಇದೆ. ನಮ್ಮ ಇಂಜಿನಿಯರು, ಡಾಕ್ಟರುಗಳು ತುಂಬಿದ್ದಾರೆ. ಅದನ್ನು ದಾಟಿ ಹಳೆಯ ರಸ್ತೆ ಹಿಡಿದು ಹೋದರೆ ಒಂದು ಸಣ್ಣ ಊರು, ಅಲ್ಲಿ ‘ಕೋಜಿ ಕಪ್’ ಎಂಬ ಕಾಫಿ ಅಂಗಡಿ. ಕೋಜಿ ಎಂದರೆ ಬೆಚ್ಚಗೆ, ಹಾಯಾಗಿ. ಕಂಬದ ಮೇಲೆ ಏಳು ಅಕ್ಷರ, ಒಂದೊಂದೂ ನನ್ನ ಎದೆಯೆತ್ತರ. ಎರಡು ಸಾಲು, ನಾಲ್ಕು ಮತ್ತು ಮೂರು. ಒಂದೊಂದು ಅಕ್ಷರಕ್ಕೂ ಒಂಟಿ ಸಾಲಿನ ಬಲ್ಬು. ಅಂಗಡಿಯ ಒಡತಿಗೆ ಆಗಲೇ ಎಪ್ಪತ್ತು ದಾಟಿತ್ತು. ಹೆಸರು ಡೊರತಿ, ಎಲ್ಲರೂ ಕರೆಯುವುದು ಡಾಟ್.

"ಡಾಟ್ ಅಂದ್ರೆ ಚುಕ್ಕಿ ಅಲ್ವಾ. ನನ್ನ ಕೆಲಸಾನೇ ಅದು" ಅಂದೆ ಮೊದಲನೆಯ ದಿನ.

"ಹಾಗಾದ್ರೆ ನನ್ನನ್ನೂ ಚುಚ್ಚಬೇಡ" ಅಂದಳು ಮುದುಕಿ.

ನಾಲ್ಕು ದಿನ ಏಣಿ ಮೇಲಿದ್ದೆ. ಅವಳು ಕೆಳಗಿನಿಂದ ಗಂಟೆಗೊಂದು ಕಾಫಿ ಕಳಿಸುತ್ತಿದ್ದಳು. ಒಂದಕ್ಕೆ ಹೋಗಿಬನ್ನಿ ಎಂದು ಮೊದಲು ಹೇಳಿದೆನಲ್ಲ, ಆ ಪಾಠ ನಾನು ಕಲಿತದ್ದು ಅಲ್ಲೇ. ಕಾಫಿಯೂ ಹೇಳಿಕೊಳ್ಳುವಂಥದ್ದಲ್ಲ, ಹುರುಳಿ ಬೇಯಿಸಿದ ನೀರಿನ ಹಾಗಿತ್ತು. ಹೊರಡುವ ದಿನ ಅವಳು ಕಂಬ ಹಿಡಿದು ನಿಂತು, "ಇದು ಬಿದ್ರೆ?" ಅಂದಳು.

"ಬಿದ್ರೆ ಎಬ್ಬಿಸ್ತೀನಿ. ಹಾಳೆ ಇದೆ" ಅಂದೆ.

ಆ ಹಾಳೆಗಳನ್ನು ಮನೆಗೆ ತಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯ ಟೇಬಲ್ಲಿನ ಮೇಲೆ ಹರಡಿದೆ. ಚುಚ್ಚಿದ ತೂತು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಒಂದೊಂದರ ಸುತ್ತ ಪೆನ್ಸಿಲಿನಲ್ಲಿ ದುಂಡಗೆ ಸುತ್ತುವುದು ನನ್ನ ಅಭ್ಯಾಸ. ಸುತ್ತುತ್ತಾ ಹೋದೆ. ಒಂದನೆಯ ಹಾಳೆಯ ಅಕ್ಷರ ದುಂಡಗೆ ಬಂದು, ಬಲಗಡೆ ಬಾಯಿ ಬಿಟ್ಟುಕೊಂಡಿತ್ತು. ಮೂರು ಚುಕ್ಕಿಯ ಜಾಗ ಖಾಲಿ. ಐದನೆಯದೂ ಹಾಗೇ. ಆರನೆಯದರ ಎರಡು ತುದಿಯೂ ಲೋಟದ ಅಂಚಿನಂತೆ ಒಳಕ್ಕೆ ಬಾಗಿ, ಮೇಲುಗಡೆ ನಾಲ್ಕು ಚುಕ್ಕಿ ಖಾಲಿ. ಅಲ್ಲೆಲ್ಲ ತುಕ್ಕು ಬಹಳ ಇತ್ತು, ತೂತು ಮುಚ್ಚಿಹೋಗಿರಬೇಕು ಅಂದುಕೊಂಡೆ. ಅಂದುಕೊಂಡೆ ಅನ್ನುವುದೂ ಸುಳ್ಳೇ. ನಿಜ ಏನೆಂದರೆ ಕೈ ಸುಮ್ಮನಿರಲಿಲ್ಲ. ಎಳೆ ಬಾಯಿ ಬಿಟ್ಟಿದ್ದರೆ ಒಳಗೆ ಬಂದ ಲಕ್ಷ್ಮಿ ಅಲ್ಲಿಂದಲೇ ಹೊರಟುಹೋಗುತ್ತಾಳೆ ಎಂದು ನಮ್ಮತ್ತೆ ಅಂಥ ರಂಗೋಲಿಯನ್ನು ಪೊರಕೆಯಿಂದ ಬಳಿದು ಮತ್ತೆ ಹಾಕಿಸುತ್ತಿದ್ದರು. ಮೂವತ್ತು ವರ್ಷ ಹಾಕಿದ ಕೈ. ಪೆನ್ಸಿಲಿನಲ್ಲಿ ಮೂರು, ಮೂರು, ನಾಲ್ಕು, ಒಟ್ಟು ಹತ್ತು ಚುಕ್ಕಿ ದುಂಡಗೆ ಬರೆದು ಬಾಯಿ ಮುಚ್ಚಿದೆ. ಹಾಳೆ ಚೊಕ್ಕವಾಗಿ ಕಂಡಿತು. ಸುತ್ತಿ ಎತ್ತಿಟ್ಟೆ.

ಎಂಟು ವರ್ಷ ಕಳೆಯಿತು. ಅಷ್ಟರಲ್ಲಿ ಯಜಮಾನರು ಹೋದರು. ಸ್ಟ್ಯಾನ್ಲಿಯ ಮಂಡಿ ಹೋಯಿತು. ಕೆಲಸದ ರೀತಿಯೂ ಹೋಯಿತು. ಡ್ರೋನು ಬಂತು, ಲೇಸರು ಬಂತು. ಡ್ರೋನು ಎಲ್ಲವನ್ನೂ ನೋಡುತ್ತದೆ, ತುಕ್ಕಿನೊಳಗೆ ಬೆರಳು ಹಾಕುವುದಿಲ್ಲ. ತಗಡು ಕೊರೆಯುವುದಕ್ಕೂ ಮಷಿನ್ ಅಂಗಡಿಗಳು ಬಂದವು. ನಿಮ್ಮ ಹಾಳೆಯ ಫೋಟೋ ತೆಗೆದು ಕಂಪ್ಯೂಟರಿಗೆ ತಿನ್ನಿಸಿದರೆ ಅದೇ ಕೊರೆದು, ತೂತು ಹಾಕಿ, ಪ್ಲಾಸ್ಟಿಕ್ ಸುತ್ತಿ ಕಳಿಸುತ್ತದೆ. ಪುಡಿಗಂಟು ಮೂಲೆ ಸೇರಿತು.

ಒಂದು ಮಾರ್ಚಿನಲ್ಲಿ ಗಾಳಿ ಎದ್ದು ಡಾಟ್‌ಳ ಬೋರ್ಡು ಬಿತ್ತು. ತಗಡು ನಜ್ಜುಗುಜ್ಜು. ಅವಳು ಫೋನ್ ಮಾಡಿ ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ, "ಬಿತ್ತು. ಎಬ್ಬಿಸ್ತೀನಿ ಅಂತ ನೀನು ಅಂದಿದ್ದೆ" ಅಂದಳು.

ಎಬ್ಬಿಸುವುದು ಸುಲಭ ಇರಲಿಲ್ಲ. ಆ ಊರಿನ ಈಗಿನ ಕಾನೂನಿನಲ್ಲಿ ಅಷ್ಟು ಎತ್ತರದ ಬೋರ್ಡಿಗೆ ಅನುಮತಿಯೇ ಇಲ್ಲ. ಹಳೆಯದು ಹೇಗಿತ್ತೋ ಹಾಗೇ, ಬಲ್ಬಿಗೆ ಬಲ್ಬು, ದಾಖಲೆ ತೋರಿಸಿ ಮಾಡಿದರೆ ಮಾತ್ರ ಬಿಡುತ್ತಾರೆ. ಇಲ್ಲದಿದ್ದರೆ ಬಾಗಿಲ ಮೇಲೆ ಬಾಗಿಲಗಲದ ಹಲಗೆ ಹಾಕಿಕೊಳ್ಳಬೇಕು. ಡಾಟ್ ಹತ್ತಿರ ಇದ್ದ ಫೋಟೋಗಳಲ್ಲಿ ಮದುವೆ ಹೆಣ್ಣು, ಹೊಸ ಕಾರು, ನಾಯಿ, ಎಲ್ಲ ಇದ್ದವು. ಬೋರ್ಡು ಎಲ್ಲದರಲ್ಲೂ ಅರ್ಧಕ್ಕೇ ಕತ್ತರಿಸಿತ್ತು. ದಾಖಲೆ ಎಂದರೆ ನನ್ನ ಏಳು ಹಾಳೆ ಮಾತ್ರ. ಅವಳಿಗೆ ಎಂಬತ್ತು ದಾಟಿತ್ತು. "ಆ ಬೋರ್ಡ್ ನಿಂತ್ರೆ ಅಂಗಡಿ ನಡೆಸ್ತೀನಿ, ಇಲ್ಲಾಂದ್ರೆ ಮುಚ್ತೀನಿ. ಹಲಗೆ ಹಾಕ್ಕೊಂಡು ಕೂರಲ್ಲ" ಅಂದಳು.

ಸ್ಟ್ಯಾನ್ಲಿ ಕುರ್ಚಿಯಿಂದಲೇ, "ನೀನೇ ಮಾಡು. ಫೋನ್ ಮಾಡ್ಬೇಡ, ನಂಗೆ ಟಿವಿ ಇದೆ" ಅಂದ. ನನ್ನ ಕೈಯಲ್ಲೇ ಪೂರ್ತಿ ಬಿಟ್ಟ ಮೊದಲ ಕೆಲಸ ಅದು. ಹಾಳೆಗಳನ್ನು ಮಷಿನ್ ಅಂಗಡಿಗೆ ಕೊಟ್ಟೆ, ಅವರು ಫೋಟೋ ತೆಗೆದುಕೊಂಡು ವಾಪಸ್ ಕೊಟ್ಟರು. ಆ ಫೋಟೋಗಳೇ ಊರಿನ ಆಫೀಸಿಗೂ ಹೋದವು. ಅಕ್ಷರಗಳು ನಂಬರ್ ಹಾಕಿಕೊಂಡು, ಪ್ಲಾಸ್ಟಿಕ್ ಸುತ್ತಿಕೊಂಡು ನೇರ ಡಾಟ್ ಅಂಗಡಿಗೇ ಬಂದವು. ನಾನು, ವೆಲ್ಡಿಂಗಿನ ಹೋಸೆ, ಟ್ರಕ್ಕಿನಲ್ಲಿ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಹೋಸೆ ಮೆಕ್ಸಿಕೋದವನು, ಇಂಗ್ಲಿಷಿನಲ್ಲಿ ನನಗಿಂತ ಒಂದು ಕ್ಲಾಸು ಮುಂದೆ.

ಸ್ವಿಚ್ಚು ತಾನೇ ಒತ್ತಬೇಕು, ಅಲ್ಲಿಯವರೆಗೆ ಯಾರಿಗೂ ತೋರಿಸಬಾರದು ಎಂದು ಡಾಟ್ ಹಟ. ಅದಕ್ಕೆ ನೀಲಿ ತಾಡಪಾಲಿನ ಮರೆಯಲ್ಲಿ ಕೂರಿಸಿದೆವು. ಆರನೆಯ ಅಕ್ಷರ ಬಿಗಿಯುವಾಗ ಹೋಸೆ ಮೇಲಿಂದ ಕೂಗಿದ.

"ಗಂಗಾ, ಇಲ್ಲಿ ನಾಲ್ಕು ಓ ಇದೆ."

"ಇರ್ಲಿ."

"ಜಾಸ್ತಿ ಅನ್ಸುತ್ತೆ."

"ಹಾಳೆಯಲ್ಲಿ ಹೇಗಿದೆಯೋ ಹಾಗೆ. ನಿಂಗ್ಯಾಕೆ ಓದೋ ಕೆಲಸ? ಬಲ್ಬ್ ನೋಡು."

ಸ್ಟ್ಯಾನ್ಲಿ ಹೇಳಿದ್ದನ್ನೇ ಹೇಳಿದೆ, ಅವನದೇ ಗತ್ತಿನಲ್ಲಿ.

ನಾಲ್ಕು ಗಂಟೆಗೆ ಊರಿನ ಆಫೀಸಿನವನು ನೋಡಲು ಬರುವುದಿತ್ತು. ಮೂರೂವರೆಗೆ ವೀಣಾ ಕ್ಯಾಮೆರಾ ಹಿಡಿದು ಆನ್ ಆರ್ಬರಿಂದ ಬಂದಳು. ಡಾಟ್ ಒಗೆದ ಬಿಳಿ ಏಪ್ರನ್ ಕಟ್ಟಿಕೊಂಡು, ವಾಕರ್ ತಳ್ಳಿಕೊಂಡು ಸ್ವಿಚ್ಚಿನ ಹತ್ತಿರ ಬಂದಳು. ಅಂಗಡಿಯ ಗಿರಾಕಿಗಳು ಹತ್ತಿಪ್ಪತ್ತು ಜನ ಹೊರಗೆ ಬಂದು ನಿಂತರು. ಹೋಸೆ ತಾಡಪಾಲು ಎಳೆದ. ಡಾಟ್ ಒತ್ತಿದಳು. ಬಿಸಿಲಿನಲ್ಲೂ ಝಗ್ ಎಂದು ಹತ್ತಿತು. ಒಂದು ಬಲ್ಬೂ ತಪ್ಪಲಿಲ್ಲ. ನನಗೆ ಹೆಮ್ಮೆಯಾಯಿತು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ.

"ಆಂಟಿ" ಎಂದಳು ವೀಣಾ, ಕ್ಯಾಮೆರಾ ಇಳಿಸಿ. "ಊಜಿ ಊಪ್ ಅಂತ ಐತಲ್ರಿ."

"ಅಂದ್ರೆ?"

"ಊಪ್ ಅಂದ್ರ ಏನೂ ಇಲ್ರಿ. ಊಜಿ ಅಂದ್ರ..." ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಗಾಯದಾಗಿಂದ ಕೀವು ಸೋರ್ತೈತಲ್ರಿ, ಹಂಗ."

ಹೋಸೆ ಮೇಲಿನಿಂದ, "ನಾಲ್ಕು ಓ ಅಂತ ಹೇಳಿದ್ದೆ" ಅಂದ.

ಡಾಟ್ ತಲೆ ಎತ್ತಿ ಬಹಳ ಹೊತ್ತು ನೋಡಿದಳು. ಕೊನೆಗೆ, "ನಮ್ಮ ಕಾಫಿ ಬಗ್ಗೆ ಜನ ಏನೇನೋ ಅಂದಿದಾರೆ. ಇಷ್ಟು ದೊಡ್ಡ ಅಕ್ಷರದಲ್ಲಿ ಯಾರೂ ಅಂದಿರ್ಲಿಲ್ಲ" ಅಂದಳು. ಆಗ ಗಿರಾಕಿಗಳು ನಕ್ಕರು. ಅವಳು ನಗಲಿಲ್ಲ. ಏಪ್ರನ್ ಬಿಚ್ಚಿ ವಾಕರಿನ ಮೇಲೆ ಹಾಕಿದಳು.

ವೀಣಾ ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದಳು. ಇದು ಸಿ, ಬಾಯಿ ಬಿಟ್ಟಿರಬೇಕು. ಇದು ಯು, ಮೇಲುಗಡೆ ಬಿಟ್ಟಿರಬೇಕು. ಮುಚ್ಚಿದರೆ ಓ ಆಗುತ್ತದೆ. ಅಷ್ಟರಲ್ಲಿ ಅಡುಗೆಮನೆಯ ಟೇಬಲ್ಲು, ಪೆನ್ಸಿಲು, ಅತ್ತೆಯ ಪೊರಕೆ ಎಲ್ಲ ನನ್ನ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದವಳು ನಾನೇ.

ಆ ಹೊತ್ತಿಗೆ ಸರಿಯಾಗಿ ಆಫೀಸಿನವನ ಕಾರು ಬಂತು. ನಲವತ್ತರ ಆಸುಪಾಸಿನ ಗಂಭೀರ ಮನುಷ್ಯ, ಕೈಯಲ್ಲಿ ಟ್ಯಾಬ್ಲೆಟ್ಟು, ಅದರಲ್ಲಿ ನನ್ನ ಏಳು ಹಾಳೆಯ ಫೋಟೋ. ಬೋರ್ಡು ನೋಡಿದ, ಟ್ಯಾಬ್ಲೆಟ್ ನೋಡಿದ. ಬೆರಳು ಮಡಚಿ ಬಲ್ಬು ಎಣಿಸಿದ. ಏನು ಬರೆದಿದೆ ಎಂದು ಅವನು ಓದಲೇ ಇಲ್ಲ! ಇಂಥವನು ಸ್ಟ್ಯಾನ್ಲಿಗೆ ಸಿಗಬೇಕಿತ್ತು.

"ದಾಖಲೆಯಲ್ಲಿರೋ ಹಾಗೇ ಇದೆ. ಒಂದೂ ಹೆಚ್ಚಿಲ್ಲ, ಕಮ್ಮಿ ಇಲ್ಲ. ಪಾಸ್" ಅಂದ.

ವೀಣಾ ನನ್ನ ಮೊಣಕೈ ಹಿಂಡಿದಳು. "ಸುಮ್ಕಿರ್ರಿ ಆಂಟಿ. ಸಹಿ ಹಾಕ್ಲಿ, ಹೋಗ್ಲಿ. ಆಮ್ಯಾಲ ಹತ್ತು ಬಲ್ಬ್ ಬಿಚ್ಚಿದ್ರ ಕೋಜಿ ಕಪ್ ಆಗ್ತೈತಿ. ಯಾರಿಗ್ ತಿಳೀತೈತಿ?"

ಸರಿಯಾದ ಮಾತೇ. ಬಾಯಿ ಮುಚ್ಚಿಕೊಂಡಿದ್ದರೆ ಡಾಟ್‌ಗೆ ಬೋರ್ಡು ಸಿಗುತ್ತಿತ್ತು, ನನಗೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಹಾಳೆ ಹಾಗೇ ಸುಳ್ಳಾಗಿ ಉಳಿಯುತ್ತಿತ್ತು. ಇನ್ನು ಐವತ್ತು ವರ್ಷಕ್ಕೆ ಮತ್ತೆ ಗಾಳಿ ಬೀಸಿದಾಗ, ನಿಮ್ಮಂಥವರು ಯಾರೋ ನನ್ನ ಹಾಳೆ ನಂಬಿ ಕೀವು ಸೋರುವ ಬೋರ್ಡನ್ನೇ ಮತ್ತೆ ನಿಲ್ಲಿಸುತ್ತಿದ್ದರು. ಪ್ರೊಫೆಸರಿನ ಮುಖಕ್ಕೆ ನಾನು ಅಂದಿದ್ದ ಮಾತು ಈಗ ನೆನಪಿಗೆ ಬಂತು.

"ಸಹಿ ಮಾಡ್ಬೇಡ. ಹಾಳೆ ತಪ್ಪು. ನಾನೇ ಹತ್ತು ಚುಕ್ಕಿ ಸೇರಿಸ್ಬಿಟ್ಟಿದೀನಿ" ಅಂದೆ.

ವೀಣಾ ಹಣೆ ಚಚ್ಚಿಕೊಂಡಳು.

ಆಫೀಸಿನವನು ಪೆನ್ನು ನಿಲ್ಲಿಸಿದ. ಕೋಪವೇನೂ ಮಾಡಿಕೊಳ್ಳಲಿಲ್ಲ, ಅದೇ ಕಷ್ಟವಾಗಿದ್ದು. "ಹಾಗಾದ್ರೆ ದಾಖಲೆಯೇ ಇಲ್ಲ ಅಂತಾಯ್ತು. ಹತ್ತು ಸೇರಿಸಿದವರು ಇಪ್ಪತ್ತು ಸೇರಿಸಿಲ್ಲ ಅಂತ ಹೇಗೆ ಹೇಳೋದು? ನಂಗೆ ಬೇರೆ ದಾರಿಯಿಲ್ಲ. ಇಳಿಸ್ಬೇಕಾಗುತ್ತೆ."

ಡಾಟ್ ನನ್ನ ಕಡೆ ಕೈ ಚಾಚಿದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೂ ತಪ್ಪಿರಲಿಲ್ಲ.

"ಆ ಹಾಳೆ ಕೊಡು. ಎಲ್ಲಿ ಸೇರಿಸಿದೀಯ ನೋಡ್ತೀನಿ."

ಟ್ರಕ್ಕಿನಿಂದ ಸುರುಳಿ ತಂದು ಒಂದನೆಯ ಹಾಳೆ ಬಿಚ್ಚಿಕೊಟ್ಟೆ. ಅವಳ ಕಣ್ಣು ಅಷ್ಟಕ್ಕಷ್ಟೆ. ಕಂದು ಕಾಗದದ ಮೇಲೆ ಎಂಟು ವರ್ಷದ ಪೆನ್ಸಿಲು ಕಾಣಲಿಲ್ಲ. ಬೆಳಕಿಗೆ ಹಿಡಿಯೋಣವೆಂದು ಒಂದು ತುದಿ ನನಗೆ ಕೊಟ್ಟು, ಇನ್ನೊಂದು ತುದಿ ವೀಣಾಗೆ ಕೊಟ್ಟು, ಸೂರ್ಯನ ಕಡೆಗೆ ಎತ್ತಿ ಹಿಡಿಸಿದಳು. ಸೂರ್ಯ ಅಂಗಡಿಯ ಚಾವಣಿಯ ಮೇಲೆ ಇಳಿಯುತ್ತಿದ್ದ.

"ಸಿ" ಅಂದಳು ಡಾಟ್.

ನಾನು ನೋಡಿದೆ. ದಬ್ಬಣ ಚುಚ್ಚಿದ ತೂತುಗಳೆಲ್ಲ ಬೆಂಕಿಯ ಕಿಡಿಯಂತೆ ಹೊಳೆಯುತ್ತಿದ್ದವು. ಬಲಗಡೆ, ಬಾಯಿ ಇರುವಲ್ಲಿ, ಮೂರು ಚುಕ್ಕಿಯ ಜಾಗ ಕಪ್ಪು. ಅಲ್ಲಿ ಪೆನ್ಸಿಲ್ ಇತ್ತು, ತೂತಿರಲಿಲ್ಲ. ಏಣಿಯ ಮೇಲೆ ನನ್ನ ಬೆರಳಿಗೆ ಅಲ್ಲಿ ತೂತು ಸಿಕ್ಕಿರಲಿಲ್ಲ, ಆದ್ದರಿಂದ ದಬ್ಬಣ ಆ ಜಾಗವನ್ನು ಮುಟ್ಟಿರಲಿಲ್ಲ. ಸುಳ್ಳು ಬರೆದದ್ದು ಪೆನ್ಸಿಲು. ಮಷಿನ್ನಿನವರ ಫೋಟೋಗೆ ಸಿಕ್ಕಿದ್ದೂ ಪೆನ್ಸಿಲು ಮಾತ್ರ. ಹಳೆಯ ಪುಡಿಗಂಟು ತಟ್ಟಿದ್ದರೆ ಪುಡಿ ಅಲ್ಲಿ ಇಳಿಯುತ್ತಲೇ ಇರಲಿಲ್ಲ.

"ಸರ್, ಇಲ್ಲಿ ಬರ್ರಿ!" ಎಂದು ವೀಣಾ ಆಫೀಸಿನವನನ್ನು ಧಾರವಾಡದ ಕನ್ನಡದಲ್ಲೇ ಕೂಗಿದಳು. ಅವನು ಬಂದ.

ಐದನೆಯದನ್ನು ಎತ್ತಿದೆವು. ಬಾಯಿ ಬಿಟ್ಟಿತ್ತು. ಆರನೆಯದು. ಮೇಲುಗಡೆ ನಾಲ್ಕು ಕಪ್ಪು. ಅವನು ಏಳೂ ಹಾಳೆಯನ್ನು ಎತ್ತಿಸಿದ. ಒಂದೊಂದರ ಹಿಂದೆ ಮುಂದೆ ನಿಂತು ಕಿಡಿ ಎಣಿಸಿದ, ಬೆರಳು ಮಡಚಿ ಮಡಚಿ. ಮಿಕ್ಕ ನಾಲ್ಕು ಹಾಳೆಯಲ್ಲಿ ಪೆನ್ಸಿಲ್ ಇದ್ದಲ್ಲೆಲ್ಲ ಬೆಳಕಿತ್ತು. ಸೂರ್ಯನಿಗೆ ಹಿಡಿದೇ ಏಳಕ್ಕೂ ಫೋಟೋ ತೆಗೆದುಕೊಂಡ.

"ತೂತು ದಾಖಲೆ" ಅಂದ. "ಪೆನ್ಸಿಲ್ ದಾಖಲೆ ಅಲ್ಲ. ಹೆಚ್ಚಿನ ಹತ್ತಕ್ಕೆ ತಗಡು ಹಾಕಿ ಮುಚ್ಚಿ, ಬಣ್ಣ ಹೊಡೀರಿ." ಸಹಿ ಹಾಕಿ, ಒಂದು ಕಾಫಿ ಕುಡಿದು ಹೋದ. ಕಾಫಿ ಪೂರ್ತಿ ಮುಗಿಸಲಿಲ್ಲ.

ಹೋಸೆ ಏಣಿ ಹತ್ತಿ ಬಲ್ಬು ಬಿಚ್ಚಿದ. ಒಂದೊಂದು ಬಿಚ್ಚಿದಂತೆ ಸಿ ಬಾಯಿ ತೆರೆಯಿತು. ಆಮೇಲೆ ಇನ್ನೊಂದು ಸಿ. ಆಮೇಲೆ ಯು. ಈಗ ಗಿರಾಕಿಗಳು ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ, ನನ್ನ ಕೈಗಳನ್ನು ಆ ದಿನ ನಂಬುವ ಹಾಗಿರಲಿಲ್ಲ.

ಡಾಟ್ ಬಿಚ್ಚಿದ ಬಲ್ಬುಗಳನ್ನು ಮೊಟ್ಟೆಯ ಟ್ರೇಯಲ್ಲಿ ಜೋಡಿಸಿ ತಂದು ನನ್ನ ಮಡಿಲಿಗೆ ಇಟ್ಟಳು.

"ಮಿಕ್ಕಿದ್ದೆಲ್ಲ ನಮ್ಮಪ್ಪಂದು. ಈ ಹತ್ತು ನಿಂದು. ತಗೊಂಡು ಹೋಗು" ಅಂದಳು.

ಶೆಡ್ಡಿಗೆ ಬಂದು ಸ್ಟ್ಯಾನ್ಲಿಗೆ ಎಲ್ಲ ಹೇಳಿದೆ. ಟಿವಿ ಆರಿಸಿ ಕೇಳಿದ. "ಮೂರು ಅಕ್ಷರ ಕಲಿತೆಯಲ್ಲ. ಇನ್ನು ನೀನು ಕೆಟ್ಟೆ" ಅಂದ. ಸಿ, ಓ, ಯು, ಮೂರೇ. ಮಿಕ್ಕದ್ದಕ್ಕೆ ಕೈ ಹಾಕಲಿಲ್ಲ.

ಕೆಲಸ ಬಿಟ್ಟು ಈಗ ಎರಡು ವರ್ಷ. ಆ ಬಲ್ಬುಗಳನ್ನು ಮನೆಯಲ್ಲೇ ಹಾಕಿಕೊಂಡು ಉರಿಸುತ್ತಿದ್ದೇನೆ. ಬಚ್ಚಲಲ್ಲಿ ಒಂದು, ಅಡುಗೆಮನೆಯ ಟೇಬಲ್ಲಿನ ಮೇಲೆ ಒಂದು. ಹೋದದ್ದನ್ನು ಬಿಚ್ಚಿ ಬೇರೆ ಹಾಕುತ್ತೇನೆ. ಮೊಟ್ಟೆಯ ಟ್ರೇಯಲ್ಲಿ ಇನ್ನೂ ನಾಲ್ಕಿವೆ. ಡಾಟ್ ಫೋನ್ ಮಾಡಿದಾಗೆಲ್ಲ ಎಷ್ಟು ಉಳಿದಿವೆ ಎಂದು ಕೇಳುತ್ತಾಳೆ, ನಿನ್ನ ಬೋರ್ಡಿನಲ್ಲಿ ಎಷ್ಟು ಹೋಗಿವೆ ಎಂದು ನಾನು ಕೇಳುತ್ತೇನೆ. ಅವಳದು ಒಂದೂ ಹೋಗಿಲ್ಲವಂತೆ. ಸುಳ್ಳಿರಬೇಕು. ಮುಂದಿನ ತಿಂಗಳು ವೀಣಾ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾಳೆ, ನಾನೇ ಎಣಿಸಿ ಬರುತ್ತೇನೆ.